ಮುಕ್ಕಾಲಿನ ಲೆಕ್ಕ

ನನ್ನ ಮಗಳ ಪಿಎಚ್‌ಡಿಗೆ ಇದು ಐದನೇ ವರ್ಷ. "ಏನು ಓದ್ತಾಳ್ರಿ ಆಕಿ?" ಅಂತ ಯಾರರ ಕೇಳಿದ್ರ, "ಫಿಜಿಕ್ಸ್" ಅಂತ ಹೇಳಿ ಚಹಾ ಕೊಟ್ಟು ಮಾತು ಮುಗಸ್ತಿದ್ದೆ. ಹೋದ ತಿಂಗಳ ನಮ್ಮ ಮೈದುನ ಬಂದಾಗ ಅಷ್ಟಕ್ಕ ಮುಗೀಲಿಲ್ಲ. "ವೈನಿ, ಆಕಿ ಲೆಕ್ಕಾ ಮಾಡೋ ಕಣಾ ಇನ್ನೂ ಯಾರಿಗೂ ಸಿಕ್ಕೇ ಇಲ್ಲಂತ. ಇಲ್ಲದ್ದರ ಹಿಂದ ಐದು ವರ್ಷ ಯಾಕ? ಒಂದು ಚಲೋ ಸಂಬಂಧ ಬಂದದ, ಬಿಟ್ಟು ಬಾ ಅನ್ರಿ" ಅಂದ. ನಿಮ್ಮೊಳಗೂ ಒಂದಿಬ್ಬರು ಹಿಂಗ ಕೇಳೀರಿ. ಅದಕ್ಕ ಮೂರು ರಾತ್ರಿ ಆಕಿಗೆ ಫೋನ್ ಹಚ್ಚಿ ಕೇಳಿ ಬರಕೊಂಡದ್ದನ್ನ ಇಲ್ಲೆ ಹೇಳ್ತೀನಿ. ನಾನು ಪಿಯುಸಿ ಓದಿದಕಿ. ನಂಗ ತಿಳದದ ಅಂದ ಮ್ಯಾಲೆ ನಿಮಗೂ ತಿಳೀತದ.

ಜಗತ್ತಿನ್ಯಾಗ ಕಣಾ ಎರಡು ನಮೂನಿ. ಒಂದು ಬೋಸಾನ್. ನಮ್ಮ ಸತ್ಯೇಂದ್ರನಾಥ ಬೋಸ್‌ರ ಹೆಸರಿಂದ ಬಂದದ್ದು. ಅವರು 1924ರಾಗ ಢಾಕಾದಿಂದ ಐನ್‌ಸ್ಟೈನ್‌ಗೆ ತಮ್ಮ ಲೇಖನ ಕಳಿಸಿದ್ರು. ಬೆಳಕಿನ ಕಣಾ ಈ ನಮೂನಿದು. ಅರಿಶಿಣ-ಕುಂಕುಮಕ್ಕ ಬಂದವರು ಒಂದೇ ಜಮಖಾನಿ ಮ್ಯಾಲೆ ಒತ್ತಿ ಒತ್ತಿ ಕೂಡ್ತಾರಲ್ಲ, ಹಂಗ ಎಷ್ಟು ಬಂದ್ರೂ ಒಂದೇ ಜಾಗಾದಾಗ ಕೂಡ್ತಾವ. ಇನ್ನೊಂದು ಫರ್ಮಿಯಾನ್. ಎಲೆಕ್ಟ್ರಾನ್ ಈ ಪೈಕಿ. ಊಟದ ಪಂಕ್ತಿಯೊಳಗಿನಂಗ ಒಂದು ಮಣಿಗೆ ಒಂದೇ.

ಪ್ರತಿಯೊಂದು ಬೋಸಾನ್‌ಗೂ ಒಂದು ಫರ್ಮಿಯಾನ್ ಜೋಡಿ ಇರಬೇಕು ಅನ್ನೋ ವಿಚಾರಕ್ಕ ಸೂಪರ್‌ಸಿಮೆಟ್ರಿ ಅಂತಾರ. 1970ರ ದಶಕದಾಗ ಹುಟ್ಟಿದ್ದು. ಜಿನೀವಾದ ಹತ್ರ ನೆಲದ ಕೆಳಗಿನ ದೊಡ್ಡ ಯಂತ್ರದಾಗ 2012ರಾಗ ಹಿಗ್ಸ್ ಸಿಕ್ಕಿತು, ಈ ಜೋಡಿ ಮಾತ್ರ ಇವತ್ತಿಗೂ ಒಂದೂ ಸಿಕ್ಕಿಲ್ಲ. ಅಂದ್ರ ಮೈದುನನ ಮಾತು ಅರ್ಧಾ ಖರೇನ ಅದ.

ಆದ್ರ ನನ್ನ ಮಗಳು ಜೋಡಿ ಹುಡುಕೂದೇ ಇಲ್ಲ. ಆಕಿ ಆ ಥಿಯರಿಗೆ ಬೆಂಕಿ ಹಚ್ಚಿ ನೋಡ್ತಾಳ, ಕಾಗದದ ಮ್ಯಾಲೆ. ಆಕಿದು ಗೇಜ್ ಥಿಯರಿ. ಪ್ರೋಟಾನಿನೊಳಗ ಕ್ವಾರ್ಕುಗಳನ್ನ ಗ್ಲೂಆನ್ ಹೆಂಗ ಕಟ್ಟಿ ಹಿಡೀತದ ಅನ್ನೋ ಖರೇ ಥಿಯರಿಯ ಕಾಕಾನ ಮಗಳು ಅನ್ರಿ. ಈಕಿಯ ಥಿಯರಿಯೊಳಗ ಬೋಸಾನ್ 8 ನಮೂನಿ, ಫರ್ಮಿಯಾನ್ 8 ನಮೂನಿ. ಕೂಡಿದ್ರ 16. ನಮ್ಮವ್ವ ಎಲ್ಲಾ ಆಣೆದಾಗ ಎಣಸ್ತಿದ್ಲು, ಆ ರೂಢಿ ಇಲ್ಲೆ ಕೆಲಸಕ್ಕ ಬಂತು: ಹದಿನಾರಾಣೆ, ಪೂರಾ ಒಂದು ರೂಪಾಯಿ.

ತಣ್ಣಗಿದ್ದಾಗ ಜೋಡಿ ಸರಿಸಮ. ಬಿಸಿ ಹತ್ತಿದ ಕೂಡ್ಲೆ ಸಮ ತಪ್ಪತದ. ಒತ್ತಿ ಕೂಡೋ ಬೋಸಾನ್ 8 ಪಾಲು ಶಾಖ ಹಿಡಕೊಂಡ್ರ, ಒಂದೊಂದೇ ಮಣಿ ಹಿಡಿಯೋ ಫರ್ಮಿಯಾನ್ 7 ಪಾಲು ಹಿಡೀತದ. ಹಂಗಾಗಿ ಬೋಸಾನ್ ಕಡಿಂದ 8 ಆಣೆ, ಫರ್ಮಿಯಾನ್ ಕಡಿಂದ 7, ಒಟ್ಟು 15. ಇದು ಕಣಾ ಒಂದಕ್ಕೊಂದು ಎಳೀದೆ ತಮ್ಮ ಪಾಡಿಗೆ ತಾವು ಇದ್ದಾಗಿನ ಮಾತು. ಭಾಳ ಜೋರಿಲೆ ಎಳದಾಡಿದ್ರ? 1996ರಾಗ ಗಬ್ಸರ್, ಕ್ಲೆಬನೋವ್, ಪೀಟ್ ಅನ್ನೋ ಮೂವರು, ಕಪ್ಪುಕುಳಿಯಂಥಾದ್ದೊಂದು ವಸ್ತುವಿನ ಲೆಕ್ಕದಿಂದ ತೋರಿಸಿದ್ರು: ಅದರ ಮುಕ್ಕಾಲು. ಹನ್ನೊಂದೂಕಾಲು ಆಣೆ. ಅಷ್ಟು ಜಗ್ಗಾಡಿದ್ರೂ ಕಾಲು ಪಾಲಷ್ಟೇ ಹೋಗ್ತದ ಅನ್ನೋದು ನಂಗ ಇದರಾಗ ಭಾಳ ಸೇರಿದ ಮಾತು.

ಇಷ್ಟೆಲ್ಲಾ ಹೇಳಿದ ಮ್ಯಾಲೆ, ಇದರಿಂದ ಏನು ಬಂತು ಅಂತ ನಾನೂ ಕೇಳಿದೆ. ನ್ಯೂಯಾರ್ಕ್ ಹತ್ರ ಬ್ರೂಕ್‌ಹೇವನ್ ಅಂತ ಪ್ರಯೋಗಶಾಲೆ ಅದ. ಅಲ್ಲೆ 2000ದಿಂದ ಭಾಳ ವರ್ಷ ಬಂಗಾರದ ಪರಮಾಣುವಿನ ತಿರುಳನ್ನ ಒಂದಕ್ಕೊಂದು ಡಿಕ್ಕಿ ಹೊಡಸ್ತಿದ್ರು. (ಬಂಗಾರದ ರೇಟು ನೆನಪಾಗಿ ನನ್ನ ಎದಿ ಝಲ್ ಅಂತು, ಖರ್ಚಾಗೂದು ಕಣ್ಣಿಗೂ ಕಾಣದಷ್ಟಂತ.) ಆವಾಗ ಹುಟ್ಟೋ ಶಾಖ ಸುಮಾರು 4 ಲಕ್ಷ ಕೋಟಿ ಡಿಗ್ರಿ. ಸೂರ್ಯನ ನಟ್ಟ ನಡುವಿನ ಬಿಸಿ ಒಂದೂವರೆ ಕೋಟಿ ಅಷ್ಟೇ. ಆ ಬಿಸಿಗೆ ಪ್ರೋಟಾನ್ ಕರಗಿ ಕ್ವಾರ್ಕ್-ಗ್ಲೂಆನ್ ಸಾರು ಆಗ್ತದ. ಅದು ಉಗಿ ಹಂಗ ಹರಡತದ ಅಂತ ಬಹಳ ಮಂದಿ ತಿಳಿದಿದ್ರು. 2005ರಾಗ ಅಲ್ಲಿಯವರು ಹೇಳಿದ್ದು: ಇದು ದ್ರವ, ಅಂಟೇ ಇಲ್ಲ ಅನ್ನೋ ಹಂಗ ಹರೀತದ. ಬೆಲ್ಲದ ಪಾಕ ಒಲಿ ಮ್ಯಾಲೆ ಹಿಡದವರಿಗೆ ಅಂಟು ಅಂದ್ರ ಏನಂತ ಬ್ಯಾರೆ ಹೇಳಬೇಕಾಗಿಲ್ಲ.

ಮಜಾ ಏನಂದ್ರ, 2001ರಾಗೇ ಪೊಲಿಕಾಸ್ಟ್ರೊ, ಸಾನ್, ಸ್ಟಾರಿನೆಟ್ಸ್ ಅನ್ನೋರು ನನ್ನ ಮಗಳು ಹಿಡದ ಇದೇ ಥಿಯರಿಯನ್ನ ಕಾಯಿಸಿ ಅಂಟಿನ ಲೆಕ್ಕ ತಗದಿದ್ರು. ಎಂಟ್ರೊಪಿ ಕೂಡ ಹೋಲಿಸಿದ್ರ ಅಂಟು ಸುಮಾರು 0.08. ಬ್ರೂಕ್‌ಹೇವನ್ನಿನ ಸಾರೂ ಅದರ ಹತ್ರಾನೇ ಬಂತು. ಖರೇ ಥಿಯರಿಯನ್ನ ದೊಡ್ಡ ಕಂಪ್ಯೂಟರಿನ್ಯಾಗ ಹಾಕಿ ನೋಡಿದ್ರ, ಶಾಖದ ಲೆಕ್ಕಾನೂ ಪೂರಾದ ನೂರಕ್ಕ 80ರ ಆಸುಪಾಸು ನಿಲ್ತದ. ಮುಕ್ಕಾಲು ಅಲ್ಲ, ಆದ್ರ ಮುಕ್ಕಾಲಿನ ಮಗ್ಗಲ್ದಾಗೇ.

"ಇಲ್ಲದ ಜೋಡಿಯ ಥಿಯರಿ ಇರೋ ಸಾರಿಗೆ ಹೆಂಗ ಹೊಂದಿತು?" ಅಂದೆ. "ಅವ್ವಾ, ಬಿಸಿ ಆದ ಮ್ಯಾಲೆ ಅದರೊಳಗೂ ಜೋಡಿಯ ಸಮ ಉಳಿಯೂದಿಲ್ಲಲ್ಲ, ಅದಕ್ಕ ನಮ್ಮ ಜಗತ್ತಿನ ಹತ್ರ ಬರ್ತದ. ತಣ್ಣಗಿದ್ದಾಗ ಎರಡಕ್ಕೂ ಅಜಗಜಾಂತರ" ಅಂದ್ಲು.

ಮೈದುನಗ ಇದನ್ನೆಲ್ಲಾ ಹೇಳೀನಿ. ಸಂಬಂಧದ ಮನಿಯವರಿಗೆ "ಹುಡುಗಿ ಕೆಲಸ ನಡದದ, ಕಾಯ್ತೀರೇನು?" ಅಂತ ನಾನೇ ಫೋನ್ ಮಾಡೀನಿ; ವಿಚಾರ ಮಾಡಿ ಹೇಳ್ತೀವಿ ಅಂದಾರ. ಆಕಿ ಈಗ ಹಿಡದಿರೂದು ನಡುವಿನ ದಾರಿ. ಎಳದಾಟ ಇಲ್ಲದಾಗ ಪೂರಾ, ಭಾಳ ಆದಾಗ ಮುಕ್ಕಾಲು, ಎರಡೂ ತುದಿ ಗೊತ್ತದ. ಒಂದರಿಂದ ಇನ್ನೊಂದಕ್ಕ ಹೆಂಗ ಇಳೀತದ ಅನ್ನೂದನ್ನ ಇನ್ನೂ ಯಾರೂ ಪೂರ್ತಿ ಕಟ್ಟಿಲ್ಲ. ನಿನ್ನೆ ರಾತ್ರಿ ಹನ್ನೊಂದಕ್ಕೂ ಅದನ್ನೇ ಮಾಡ್ಲಿಕ್ಕತ್ತಿದ್ಲು.