ಮೋಟೆಬೆನ್ನೂರಿನ ಊಟವೂ ಎಣ್ಣೆಯ ವಿಚಾರವೂ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿಯನ್ನು ಬಿಟ್ಟು ರಾಣೇಬೆನ್ನೂರಿನ ಕಡೆಗೆ ಸಾಗುವ ಪ್ರವಾಸಿಗೆ ನಡುವೆ ಮೋಟೆಬೆನ್ನೂರು ಎಂಬ ಊರು ಎದುರಾಗುತ್ತದೆ. ಬ್ಯಾಡಗಿ ತಾಲೂಕಿನ ಈ ಊರನ್ನು ಹೆಚ್ಚಿನವರು ವಾಹನದ ಕಿಟಕಿಯಿಂದಲೇ ನೋಡಿ ಮುಂದೆ ಹೋಗುತ್ತಾರೆ. ನಾವು ಮಾತ್ರ ಅಲ್ಲಿ ಇಳಿದು, ಪರಿಚಿತರ ಮನೆಯಲ್ಲಿ ಒಂದು ಹೊತ್ತಿನ ಊಟವನ್ನು ತೀರಿಸಿಕೊಂಡು ಹೊರಟೆವು. ಆ ಊಟವು ನಮ್ಮಲ್ಲಿ ಎಬ್ಬಿಸಿದ ವಿಚಾರಗಳನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಊರಿನ ಹಿರಿಮೆಯನ್ನು ಹೇಳಬೇಕು. 1911ರಲ್ಲಿ ಇಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು, 1930ರಲ್ಲಿ ಗಾಂಧೀಜಿಯವರು ಸಾಬರಮತಿಯಿಂದ ದಂಡಿಗೆ ಹೊರಟಾಗ ಅವರೊಡನೆ ಹೆಜ್ಜೆ ಹಾಕಿದರು. ಕರ್ನಾಟಕದಿಂದ ಆ ಯಾತ್ರೆಯಲ್ಲಿ ನಡೆದವರು ಇವರೊಬ್ಬರೇ. ಮುಂದೆ 1943ರ ಎಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೊಡನೆ ಪೋಲೀಸರ ಗುಂಡಿಗೆ ಬಲಿಯಾದರು. ಬಡವನ ಅಡಿಗೆಯ ಮನೆಯ ಉಪ್ಪನ್ನು ಇಡೀ ದೇಶದ ಪ್ರಶ್ನೆಯನ್ನಾಗಿ ಮಾಡಿದ ಯಾತ್ರೆ ಅದು. ಅಂಥವರ ಊರಿನಲ್ಲಿ ಕುಳಿತು, ಉಪ್ಪಿನ ಪಕ್ಕದಲ್ಲಿಯೇ ಇರುವ ಎಣ್ಣೆಯ ಕುಡಿಕೆಯನ್ನು ಕುರಿತು ಆಲೋಚಿಸುವುದು ಅಲ್ಪವಿಷಯವೆಂದು ಯಾರೂ ತಿಳಿಯಬಾರದು.

ನಮಗೆ ಬಡಿಸಿದ ಊಟ ಈ ಸೀಮೆಯ ನಿತ್ಯದ ಊಟವೇ. ಬಿಳಿಜೋಳದ ಬಿಸಿ ರೊಟ್ಟಿ, ಬದನೆಕಾಯಿಯ ಎಣಗಾಯಿ, ಹೆಸರುಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಮೊಸರು, ಕೊನೆಗೆ ಅನ್ನ, ಸಾರು, ಮಜ್ಜಿಗೆ. ಎಲ್ಲಕ್ಕೂ ಬದಿಯಲ್ಲಿ ಶೇಂಗಾ, ಅಗಸಿ, ಗುರೆಳ್ಳು ಈ ಮೂರರ ಹಿಂಡಿ. ದಕ್ಷಿಣದವರು ಚಟ್ನಿಪುಡಿ ಎನ್ನುವುದನ್ನು ಇಲ್ಲಿ ಹಿಂಡಿ ಎನ್ನುತ್ತಾರೆ. ನಾವು ಗಮನವಿಟ್ಟು ನೋಡಿದೆವು. ರೊಟ್ಟಿಗೆ ಎಣ್ಣೆಯ ಸೋಂಕಿಲ್ಲ. ಹಂಚಿನ ಮೇಲೆ ನೀರು ಸವರಿ ಬೇಯಿಸಿದ್ದು. ಕಾಳಿನ ಪಲ್ಯಕ್ಕೆ ಒಂದು ಚಮಚದ ಒಗ್ಗರಣೆ. ಎಣ್ಣೆ ಧಾರಾಳವಾಗಿ ಕಂಡದ್ದು ಎಣಗಾಯಿಯಲ್ಲಿ ಮಾತ್ರ. ಅದು ಅತಿಥಿಗಳ ಸಲುವಾಗಿ ಮಾಡಿದ್ದೆಂದು ಆಮೇಲೆ ತಿಳಿಯಿತು.

ಒಗ್ಗರಣೆಯ ಸೌಟಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಚೂರು ಬಿದ್ದ ಕೂಡಲೇ ಎಣ್ಣೆಯೆಲ್ಲ ಕುಂಕುಮವರ್ಣವಾಯಿತು. ನಾವು ಅದನ್ನೇ ನೋಡುತ್ತಿರಲು, ಒಲೆಯ ಮುಂದಿದ್ದ ಹಿರಿಯಾಕೆ ನಕ್ಕು ಹೇಳಿದರು: “ನೀರಾಗ ಎಷ್ಟ ಕುದಿಸಿದ್ರೂ ಇದು ಹಿಂಗ ಬಣ್ಣ ಬಿಡಾಂಗಿಲ್ರಿಯಪ್ಪಾ. ಎಣ್ಣಿ ಕಂಡ್ರ ಅಷ್ಟ ಬಿಡತೈತಿ.” ಶಾಸ್ತ್ರಜ್ಞರು ಹೇಳುವುದೂ ಇದನ್ನೇ. ಖಾರ ಕಡಿಮೆಯಾಗಿ ಬಣ್ಣ ಹೆಚ್ಚಾಗಿರುವ, ಸುಕ್ಕುಸುಕ್ಕಾದ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿದೆ. ಇದರ ಕೆಂಪು, ಕ್ಯಾರೋಟಿನ್ ಜಾತಿಯ ವರ್ಣದ್ರವ್ಯದ್ದು. ಅದು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಮೆಣಸಿನಕಾಯಿಯ ಖಾರವೂ ಹಾಗೆಯೇ. ಬಾಯಿ ಉರಿದಾಗ ನೀರು ಕುಡಿದರೆ ಸಮಾಧಾನವಾಗದೆ, ಮೊಸರು ಅಥವಾ ಹಾಲು ಕುಡಿದರೆ ಆಗುವುದಕ್ಕೆ ಇದೂ ಒಂದು ಕಾರಣ. ಹಾವೇರಿಯು ಹಾರ ಕಟ್ಟಿ ಹೆಸರಾದ ಏಲಕ್ಕಿಯ ಕಂಪೂ, ಇಂಗು ಜೀರಿಗೆಗಳ ಪರಿಮಳವೂ ಜಿಡ್ಡನ್ನೇ ಆಶ್ರಯಿಸಿ ಅಡಿಗೆಯಲ್ಲೆಲ್ಲ ಹರಡುತ್ತವೆ.

ಬಣ್ಣಕ್ಕೂ ಕಂಪಿಗೂ ಹೇಳಿದ ಮಾತು ಪೋಷಣೆಗೂ ಸಲ್ಲುತ್ತದೆ. ಎ, ಡಿ, ಇ, ಕೆ ಎಂಬ ನಾಲ್ಕು ಜೀವಸತ್ವಗಳು ಜಿಡ್ಡಿನಲ್ಲಿ ಕರಗುವಂಥವು. ಊಟದಲ್ಲಿ ಜಿಡ್ಡು ಇಲ್ಲದಿದ್ದರೆ ಸೊಪ್ಪು, ಗಜ್ಜರಿಗಳಲ್ಲಿರುವ ಕ್ಯಾರೋಟಿನ್ ಹೆಚ್ಚಿನ ಪಾಲು ದೇಹಕ್ಕೆ ಸೇರದೆ ಹೊರಟುಹೋಗುತ್ತದೆ. 1913ರಲ್ಲಿ ಅಮೇರಿಕೆಯ ಮೆಕಾಲಮ್ ಮತ್ತು ಡೇವಿಸ್ ಎಂಬವರು ಇಲಿಮರಿಗಳಿಗೆ ಬೇರೆ ಬೇರೆ ಕೊಬ್ಬುಗಳನ್ನು ತಿನ್ನಿಸಿ ನೋಡಿದರು. ಹಂದಿಯ ಕೊಬ್ಬು, ಆಲಿವ್ ಎಣ್ಣೆಗಳನ್ನು ತಿಂದವುಗಳ ಬೆಳವಣಿಗೆ ನಿಂತುಹೋಯಿತು. ಬೆಣ್ಣೆಯನ್ನು ಕೊಡಲು ಮತ್ತೆ ಬೆಳೆದವು. ಬೆಣ್ಣೆಯಲ್ಲಿದ್ದ ಆ ಗುಣವೇ ಎ ಜೀವಸತ್ವವೆಂದು ಮುಂದೆ ಹೆಸರಾಯಿತು. 1929ರಲ್ಲಿ ಬರ್ ದಂಪತಿಗಳು ಕೊಬ್ಬನ್ನೇ ಪೂರ್ಣವಾಗಿ ತೆಗೆದ ಆಹಾರವನ್ನು ಇಲಿಗಳಿಗೆ ಕೊಟ್ಟಾಗ, ಅವುಗಳ ಚರ್ಮ ಹೊಪ್ಪಳೆಯೆದ್ದು ಬೆಳವಣಿಗೆ ಕುಂಠಿತವಾಯಿತು. ಲಿನೋಲೆಯಿಕ್ ಆಮ್ಲವೆಂಬ ಕೊಬ್ಬಿನಂಶವನ್ನು ಕೊಟ್ಟಾಗ ಚೇತರಿಸಿಕೊಂಡವು. ಆದುದರಿಂದ ಜಿಡ್ಡು ನಾಲಗೆಯ ಭೋಗ ಮಾತ್ರವಲ್ಲ, ದೇಹಕ್ಕೆ ಅವಶ್ಯಕವಾದ ವಸ್ತು. ಮೈ ಇಳಿಸುವ ಹಂಬಲದಿಂದ ಎಣ್ಣೆಯನ್ನೇ ತ್ಯಜಿಸುವವರೂ, ಬೆಳೆಯುವ ಎಳೆಮಕ್ಕಳ ಅನ್ನಕ್ಕೆ ತುಪ್ಪ ಹಾಕಲು ಹೆದರುವ ತಾಯಂದಿರೂ ಇದನ್ನು ನೆನಪಿನಲ್ಲಿಡಬೇಕು.

ನಮ್ಮ ಹಿರಿಯರ ಮಾತಿನಲ್ಲಿಯೂ ಈ ಗೌರವ ಅಡಗಿದೆ. ಹಳಗನ್ನಡದ ‘ನೆಯ್’ ಎಂದರೆ ತುಪ್ಪ, ಜಿಡ್ಡು. ಎಳ್ಳಿನ ನೆಯ್ ಎಣ್ಣೆಯಾಯಿತು, ಬೆಳ್ಳನೆಯ ನೆಯ್ ಬೆಣ್ಣೆಯಾಯಿತು. ಆಯುರ್ವೇದವು ತುಪ್ಪ, ಎಣ್ಣೆ ಮೊದಲಾದ ಜಿಡ್ಡುಗಳನ್ನು ‘ಸ್ನೇಹ’ ಎಂದೇ ಕರೆಯುತ್ತದೆ. ಸ್ನೇಹವೂ ಅತಿಯಾದರೆ ಸಲಿಗೆಯಾಗಿ ಕೆಡುತ್ತದೆಂಬುದು ಎಲ್ಲರೂ ಬಲ್ಲ ಮಾತು.

ಈಗ ನಾವು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರೋಣ. ಈ ಸೀಮೆಯಲ್ಲಿ ‘ಹಿಂಡಿ’ ಎಂಬ ಒಂದೇ ಹೆಸರಿನ ಪದಾರ್ಥಗಳು ಎರಡು. ಒಂದು ತಾಟಿನಲ್ಲಿ ಮನುಷ್ಯನಿಗೆ ಬಡಿಸುವ ಹಿಂಡಿ. ಇನ್ನೊಂದು ಗಾಣದಲ್ಲಿ ಎಣ್ಣೆಯನ್ನು ತೆಗೆದ ಮೇಲೆ ಉಳಿದು ಎತ್ತು ಎಮ್ಮೆಗಳ ಪಾಲಿಗೆ ಹೋಗುವ ಹಿಂಡಿ. ಮೊದಲನೆಯದರಲ್ಲಿ ಬೀಜವು ಇಡಿಯಾಗಿ ಉಳಿದಿದೆ. ಎಣ್ಣೆಯ ಜೊತೆಗೆ ಸಾರಜನಕದ ಪೋಷಕಾಂಶ, ನಾರು, ಲವಣ ಎಲ್ಲವೂ ಸೇರಿಯೇ ಬಾಯಿಗೆ ಬರುತ್ತವೆ. ಎರಡನೆಯದರಲ್ಲಿ ಎಣ್ಣೆ ನಮಗೂ ಉಳಿದ ಸಾರ ದನಗಳಿಗೂ ಹಂಚಿಹೋಗುತ್ತದೆ. ಶೇಂಗಾ, ಅಗಸಿ, ಗುರೆಳ್ಳು ಇವುಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ 40 ಪಾಲು ಎಣ್ಣೆಯೇ ಇದೆ. ಹೀಗಾಗಿ ಎರಡು ಚಮಚ ಹಿಂಡಿಯನ್ನು ತಿಂದವನು ಎಣ್ಣೆಯನ್ನು ತಿಂದೇ ಇದ್ದಾನೆ. ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಅಗಸಿಯ ಎಣ್ಣೆಯಲ್ಲಿ ಅರ್ಧದಷ್ಟು, ಒಮೆಗಾ-3 ಎಂದು ಈಗ ಹೆಸರಾಗಿರುವ ಜಾತಿಯ ಕೊಬ್ಬಿದೆ. ಉಳಿದ ಅಡಿಗೆಯೆಣ್ಣೆಗಳಲ್ಲಿ ಹಲವಕ್ಕೆ ಈ ಗುಣ ಕಡಿಮೆ. ಆದರೆ ಅಗಸಿಯನ್ನು ಇಡಿಯಾಗಿ ನುಂಗಿದರೆ ಬೀಜದ ಗಟ್ಟಿ ಸಿಪ್ಪೆಯೊಡೆಯದೆ ಹಾಗೆಯೇ ಹೊರಗೆ ಹೋಗುವುದುಂಟು. ಹುರಿದು ಕುಟ್ಟುವ ಹಳೆಯ ಪದ್ಧತಿಯಲ್ಲಿ ಈ ಕೊರತೆಯಿಲ್ಲ. ಕುಟ್ಟಿದ ಮೇಲೆ ಅದು ಬೇಗ ಕಮಟು ಹಿಡಿಯುವುದರಿಂದ ಸ್ವಲ್ಪಸ್ವಲ್ಪವೇ ಮಾಡಿಕೊಳ್ಳುವುದು ಲೇಸು.

ಇದೇ ತಾಲೂಕಿನ ಕಾಗಿನೆಲೆಯು ಕನಕದಾಸರ ಕ್ಷೇತ್ರ. ಅವರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಬಡವರ ರಾಗಿಗೂ ಉಳ್ಳವರ ಅಕ್ಕಿಗೂ ವಾದ ಹತ್ತಿ, ರಾಗಿಯೇ ಮೇಲೆನಿಸಿಕೊಂಡ ಕಥೆಯನ್ನು ವಾಚಕರು ಬಲ್ಲರು. ತುಪ್ಪಕ್ಕೂ ಅಗಸಿ ಹಿಂಡಿಗೂ ಅಂಥ ವಾದವೊಂದು ನಡೆದರೆ ತೀರ್ಪು ಕಠಿಣವಾಗಲಾರದು. ತುಪ್ಪದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಪರ್ಯಾಪ್ತ ಕೊಬ್ಬು. ತಂಪಿಗೆ ಹೆಪ್ಪುಗಟ್ಟುವ ಈ ಜಾತಿಯ ಕೊಬ್ಬು ಮಿತಿಮೀರಿದರೆ ರಕ್ತದಲ್ಲಿ ಕೊಲೆಸ್ಟರಾಲ್ ಏರುತ್ತದೆ. ಬಿಸಿ ಅನ್ನದ ಮೇಲೆ ಒಂದು ಚಮಚ ತುಪ್ಪ ಬೇಡವೆಂದು ನಾವು ಹೇಳುವುದಿಲ್ಲ. ಅದು ನಿತ್ಯದ ಆಧಾರವಾಗಬಾರದು ಎನ್ನುತ್ತೇವೆ, ಅಷ್ಟೆ.

ಗಾಣವು ಈ ನಾಡಿನಲ್ಲಿ ಬಹಳ ಹಳೆಯದು. ದೇವರ ನಂದಾದೀವಿಗೆಗೆ ಗಾಣದ ಎಣ್ಣೆಯನ್ನು ದತ್ತಿಯಾಗಿ ಬಿಟ್ಟ ಉಲ್ಲೇಖಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ದೊರೆಯುತ್ತವೆ. ಮಹಾದೇವಪ್ಪನವರು ಹಿಂಬಾಲಿಸಿದ ಗಾಂಧೀಜಿಯವರು 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದಾಗ, ಎತ್ತಿನ ಗಾಣದ ಸುಧಾರಣೆಯೂ ಅದರ ಕೆಲಸಗಳಲ್ಲಿ ಒಂದಾಗಿತ್ತು. ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬಿಳಿಜೋಳದ ಅಂಚಿಗೆ ಕುಸುಬೆಯನ್ನು ಬಿತ್ತುವ ವಾಡಿಕೆಯಿತ್ತು. ಅದರ ಮುಳ್ಳು ದನಗಳನ್ನು ತಡೆಯುವ ಬೇಲಿ, ಅದರ ಬೀಜ ವರುಷದ ಎಣ್ಣೆ. ಆ ಎಣ್ಣೆಯಲ್ಲಿ ಮುಕ್ಕಾಲು ಪಾಲು ಮೇಲೆ ಹೇಳಿದ ಲಿನೋಲೆಯಿಕ್ ಆಮ್ಲವೇ. ಈಗ ಹಾವೇರಿ ಜಿಲ್ಲೆಯಲ್ಲಿ ಎತ್ತ ನೋಡಿದರೂ ಗೋವಿನಜೋಳ, ಹತ್ತಿ. ಮುಳ್ಳಿನ ಕುಸುಬೆಯನ್ನು ಕೊಯ್ಯುವ ಆಳುಗಳು ಸಿಗುವುದು ದುರ್ಲಭ. ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಒಕ್ಕಲಿಗನನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ.

ಹೊಲದಿಂದ ಹೋದದ್ದು ಅಂಗಡಿಯಿಂದ ಬಂದಿತು. 1937ರಲ್ಲಿ ಡಾಲ್ಡಾ ಎಂಬ ವನಸ್ಪತಿ ನಮ್ಮ ದೇಶದ ಪೇಟೆಗೆ ಇಳಿಯಿತು. ಎಣ್ಣೆಗೆ ಜಲಜನಕವನ್ನು ಕೂಡಿಸಿ ತುಪ್ಪದಂತೆ ಗಟ್ಟಿ ಮಾಡುವ ವಿದ್ಯೆ ಅದು. ತುಪ್ಪಕ್ಕೆ ಬೆರಕೆ ಮಾಡಿದರೆ ಗುರುತು ಸಿಗಲೆಂದು ವನಸ್ಪತಿಯಲ್ಲಿ ನೂರಕ್ಕೆ 5 ಪಾಲು ಎಳ್ಳೆಣ್ಣೆ ಇರಬೇಕೆಂಬ ನಿಯಮವನ್ನು ಸರ್ಕಾರ ತರಬೇಕಾಯಿತು. ಹೀಗೆ ಗಟ್ಟಿ ಮಾಡುವಾಗ ಟ್ರಾನ್ಸ್ ಎಂಬ ಜಾತಿಯ ಕೊಬ್ಬು ಹುಟ್ಟುತ್ತದೆ. ಅದು ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು 1990ರಲ್ಲಿ ಹಾಲೆಂಡಿನ ಸಂಶೋಧಕರು ತೋರಿಸಿಕೊಟ್ಟರು. ನಮ್ಮಲ್ಲಿ ಎಣ್ಣೆ ಕೊಬ್ಬುಗಳಲ್ಲಿ ಇದು ನೂರಕ್ಕೆ 2ನ್ನು ಮೀರಬಾರದೆಂಬ ಕಟ್ಟಳೆ 2022ರಿಂದ ಜಾರಿಯಲ್ಲಿದೆ. ಇತ್ತ ದೇಶಕ್ಕೆ ಬೇಕಾದ ಅಡಿಗೆಯೆಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪರದೇಶಗಳಿಂದ ಬರುತ್ತಿದೆ. ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆಯೆಣ್ಣೆ.

ಹೆದ್ದಾರಿಯ ಬದಿಯಲ್ಲಾಗಲಿ, ಪೇಟೆಯಲ್ಲಾಗಲಿ ಸಂಜೆಯಾಗುತ್ತಲೇ ಮಿರ್ಚಿ ಮಂಡಕ್ಕಿಯ ಅಂಗಡಿಗಳು ಹೊಗೆಯಾಡುವುದು ಈ ಕಡೆಯ ಸೊಬಗು. ಅದರ ರುಚಿಯನ್ನು ನಾವೂ ಬಲ್ಲೆವು. ಆದರೆ ಒಂದೇ ಬಾಣಲೆಯ ಎಣ್ಣೆ ದಿನಗಟ್ಟಲೆ ಕಾದು ಕಪ್ಪಾದರೆ ಅದರಲ್ಲಿ ಅಹಿತಕರ ದ್ರವ್ಯಗಳು ಕೂಡುತ್ತವೆ. ಅಂಥ ದ್ರವ್ಯಗಳು ನೂರಕ್ಕೆ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮ 2018ರಿಂದ ಇದೆ. ಮನೆಯಲ್ಲಿ ಅಳೆಯುವ ಯಂತ್ರವಿಲ್ಲ; ಕಣ್ಣು ಮೂಗುಗಳೇ ಯಂತ್ರ. ಕರಿದು ಮಿಕ್ಕ ಎಣ್ಣೆಯನ್ನು ಸೋಸಿಟ್ಟು ಒಂದೆರಡು ದಿನಗಳಲ್ಲಿ ಒಗ್ಗರಣೆಗೆ ಮುಗಿಸಬೇಕು. ಹೊಸ ಎಣ್ಣೆಗೆ ಬೆರೆಸಿ ಮತ್ತೆ ಮತ್ತೆ ಕಾಯಿಸುವುದು ಉಳಿತಾಯವಲ್ಲ.

ಹಾಗಾದರೆ ಎಷ್ಟು ಎಣ್ಣೆ ತಕ್ಕಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, ದಿನಕ್ಕೆ 2000 ಕ್ಯಾಲೊರಿಯ ಊಟ ಮಾಡುವವರಿಗೆ ಎಣ್ಣೆ ತುಪ್ಪಗಳೆಲ್ಲ ಸೇರಿ 27 ಗ್ರಾಂ ಎಂದು ಹೇಳಿದೆ. ನಾಲ್ವರು ವಯಸ್ಕರ ಮನೆಗೆ ತಿಂಗಳಿಗೆ ಮೂರೂಕಾಲು ಕಿಲೋ, ಅಂದರೆ ಸುಮಾರು ಮೂರೂವರೆ ಲೀಟರು. ಒಂದು ಗ್ರಾಂ ಜಿಡ್ಡಿನಲ್ಲಿ 9 ಕ್ಯಾಲೊರಿ. ಅದೇ ತೂಕದ ಪಿಷ್ಟದಲ್ಲಿ 4 ಮಾತ್ರ. ಬೆಳಗಿನಿಂದ ಸಂಜೆಯವರೆಗೆ ನೇಗಿಲು ಹಿಡಿದ ಮೈ ಹೆಚ್ಚಿನದನ್ನು ಉರಿಸಿ ಹಾಕುತ್ತಿತ್ತು. ಈಗ ಟ್ರ್ಯಾಕ್ಟರು ಉಳುತ್ತದೆ, ಬೈಕು ಒಯ್ಯುತ್ತದೆ, ಮಿಕ್ಸರು ಅರೆಯುತ್ತದೆ. ದುಡಿಮೆ ಇಳಿದ ಮನೆಯಲ್ಲಿ ಎಣ್ಣೆ ಮಾತ್ರ ಏರುತ್ತ ಹೋದರೆ, ಸಕ್ಕರೆ ಕಾಯಿಲೆಯೂ ಎದೆನೋವೂ ಮನೆಯ ದುಡಿಯುವ ವಯಸ್ಸಿನವರನ್ನೇ ಹುಡುಕಿಕೊಂಡು ಬರುತ್ತವೆ. ನಾವು ಹೋದ ಮನೆಯಲ್ಲಿಯೂ ಹಿಂಡಿಯ ಡಬ್ಬಿಗಳು ಹಿರಿಯರ ತಾಟಿನ ಬಳಿಯಲ್ಲಿಯೇ ಉಳಿದಿದ್ದವು. ಎಳೆಯರ ಕೈಯಲ್ಲಿ ಕರಿದ ತಿನಿಸಿನ ಪೊಟ್ಟಣಗಳಿದ್ದವು. ಹಬ್ಬದ ದಿನದ ಬಾಣಲೆ ಹೀಗೆ ನಿತ್ಯದ್ದಾಗಿರುವುದೇ ಇಂದಿನ ಮನೆಗಳ ಮುಂದಿರುವ ನಿಜವಾದ ಕಷ್ಟ.

ಗೃಹಸ್ಥರಿಗೂ ಗೃಹಿಣಿಯರಿಗೂ ನಮ್ಮ ಸೂಚನೆ ಇಷ್ಟೆ. ತಿಂಗಳ ಎಣ್ಣೆಯನ್ನು ಮೊದಲ ದಿನವೇ ಅಳೆದು ಬೇರೆ ಡಬ್ಬಿಗೆ ಹಾಕಿ, ಅದನ್ನು ತಿಂಗಳ ಕೊನೆಯವರೆಗೆ ಒದಗಿಸಿರಿ. ಹಬ್ಬದ ಕರಿಗಡಬಿನ ಎಣ್ಣೆಯೂ ಅದರೊಳಗೇ ಬರಲಿ. ಶೇಂಗಾ, ಕುಸುಬೆ, ಎಳ್ಳು ಹೀಗೆ ಎಣ್ಣೆಗಳನ್ನು ಸರದಿಯಿಂದ ಬದಲಾಯಿಸಿರಿ. ಸೊಪ್ಪಿನ ಪಲ್ಯಕ್ಕೆ ಒಗ್ಗರಣೆಯನ್ನು ತಪ್ಪಿಸಬೇಡಿರಿ. ಅಗಸಿ, ಗುರೆಳ್ಳು, ಶೇಂಗಾ ಹಿಂಡಿಗಳಲ್ಲಿ ಒಂದಾದರೂ ದಿನವೂ ತಾಟಿನಲ್ಲಿರಲಿ. ಅದು ಇದ್ದ ದಿನ ಪಲ್ಯಕ್ಕೆ ಒಂದು ಚಮಚ ಎಣ್ಣೆ ಕಡಿಮೆಯಾಗಲಿ. ಮುಂದಿನ ಸಂತೆಯಲ್ಲಿ ಎಣ್ಣೆಯ ಪೊಟ್ಟಣಕ್ಕೆ ಕೈ ಚಾಚುವ ಮೊದಲು ಅಚ್ಛೇರು ಅಗಸಿಯನ್ನು ಕೊಂಡರೆ, ನಾವು ಮೋಟೆಬೆನ್ನೂರಿನಲ್ಲಿ ಇಳಿದದ್ದು ವಾಚಕರಿಗೂ ಪ್ರಯೋಜನಕ್ಕೆ ಬಂದಂತಾಯಿತು.