ಅಕ್ಷಹೃದಯವೂ ಅಶ್ವಹೃದಯವೂ

ನಿಂತಲ್ಲಿಯೇ ನಿಂತಿರುವ ಯಂತ್ರವೊಂದು ಓಟದ ಮರ್ಮವನ್ನು ಎಷ್ಟರ ಮಟ್ಟಿಗೆ ತಿಳಿಸಬಲ್ಲದು? ಪ್ರಶ್ನೆಯು ಮೇಲುನೋಟಕ್ಕೆ ಹುಡುಗರ ಆಟಕ್ಕೆ ಸೇರಿದ್ದೆಂದು ತೋರಬಹುದು. ಆದರೆ ಕಲಬುರಗಿಯಂಥ ಊರಿನಲ್ಲಿಯೂ ಈಗ ಕೆಲವು ಮನೆಗಳಲ್ಲಿ ಓದುವ ಮೇಜಿನ ಅಂಚಿಗೆ ಬಿಗಿದ ಸ್ಟೇರಿಂಗ್ ಚಕ್ರ, ಮೇಜಿನ ಕೆಳಗೆ ಮೂರು ಪೆಡಲುಗಳು, ಎದುರಿಗೆ ಗಣಕದ ಪರದೆ, ಇಷ್ಟು ಸಾಮಗ್ರಿಯು ಕಾಣಸಿಗುವದು. ಇದಕ್ಕೆ ಸಿಮ್ಯುಲೇಟರ್ ಎಂದು ಹೆಸರು, ಅನುಕರಣಯಂತ್ರವೆಂದರೂ ಸಲ್ಲುವದು. ಇದರ ಮುಂದೆ ಕುಳಿತ ತರುಣರು ಜರ್ಮನಿಯ ನೂರ್‌ಬರ್ಗ್‌ರಿಂಗ್ ಎಂಬ ಪಂದ್ಯದ ಮಾರ್ಗವನ್ನು ಹುಮನಾಬಾದ ರಸ್ತೆಗಿಂತ ಚೆನ್ನಾಗಿ ಬಲ್ಲರು. ಅವರು ನಾಳೆ ನಿಜವಾದ ಕಾರಿನಲ್ಲಿ ಕುಳಿತು, ಹಿಂದಿನ ಸೀಟಿನಲ್ಲಿ ಮನೆಯ ಮಂದಿಯನ್ನು ಕೂಡಿಸಿಕೊಂಡು ಹೊರಟಾಗ, ಆಟದಲ್ಲಿ ಕಲಿತದ್ದರಲ್ಲಿ ಎಷ್ಟು ಉಳಿಯುವದು, ಎಷ್ಟು ಕೈಕೊಡುವದು ಎಂಬದನ್ನು ವಿಚಾರಿಸದೆ ಬಿಡುವಂತಿಲ್ಲ.

ಅನುಕರಣದಿಂದ ಕಲಿಸುವ ಉಪಾಯವೇನೂ ಹೊಸದಲ್ಲ. ಅಮೇರಿಕೆಯ ಎಡ್ವಿನ್ ಲಿಂಕ್ ಎಂಬಾತನು 1929ರಲ್ಲಿಯೇ ವಿಮಾನಚಾಲಕರ ಶಿಕ್ಷಣಕ್ಕಾಗಿ ಇಂಥ ಯಂತ್ರವನ್ನು ನಿರ್ಮಿಸಿದನು. ಅವನ ತಂದೆಯದು ಪಿಯಾನೊ, ಆರ್ಗನ್ ವಾದ್ಯಗಳ ಕಾರಖಾನೆ. ಆ ವಾದ್ಯಗಳಿಗೆ ಗಾಳಿ ಊದುವ ತಿದಿಗಳೇ ಈ ಹುಸಿ ವಿಮಾನವನ್ನು ಅತ್ತಿತ್ತ ವಾಲಿಸುತ್ತಿದ್ದವು. ಸಂಗೀತದ ಸಾಧನವು ಹಾರಾಟವನ್ನು ಕಲಿಸಿದ್ದು ಸ್ವಾರಸ್ಯವಲ್ಲವೆ?

ಮನೆಯ ಯಂತ್ರದಲ್ಲಿ ಸತ್ಯಕ್ಕೆ ಅತ್ಯಂತ ಸಮೀಪವಾದ ಭಾಗವೆಂದರೆ ಕೈಯಲ್ಲಿ ಹಿಡಿಯುವ ಚಕ್ರ. ಅದರೊಳಗೊಂದು ವಿದ್ಯುತ್ ಮೋಟರು ಇರುವದು. ಕಾರು ತಿರುವಿನಲ್ಲಿ ಹೊರಳುವಾಗ ನೆಲಕ್ಕೆ ತಗಲಿದ ಟಾಯರಿನ ಭಾಗವು ತುಸು ತಿರುಚಿಕೊಳ್ಳುವದು; ಅಡ್ಡಲಾಗಿ ಹುಟ್ಟುವ ಬಲವು ಆ ಭಾಗದ ನಟ್ಟನಡುವೆ ನಾಟದೆ ಸ್ವಲ್ಪ ಹಿಂದೆ ನಾಟುವದು. ಆದುದರಿಂದ ಚಕ್ರವು ತಾನಾಗಿ ನೆಟ್ಟಗಾಗಲು ಹವಣಿಸುವದು, ಕೈಗೆ ಭಾರವೆನಿಸುವದು. ತಿರುವು ಬಿಗಿಯಾದಷ್ಟೂ ಈ ಭಾರವು ಏರುತ್ತ ಹೋಗಿ, ಟಾಯರಿನ ಹಿಡಿತವು ತನ್ನ ಮೇರೆಯನ್ನು ಮುಟ್ಟುವದಕ್ಕೆ ಮೊದಲೇ ಇಳಿಯತೊಡಗುವದು. ಹಿಡಿತ ಇನ್ನೂ ತುಸು ಉಳಿದಿರುವಾಗಲೇ ಚಕ್ರವು ಹಗುರಾಗಿ, ಇನ್ನು ಸಾಕೆಂದು ಸಾರಥಿಯ ಅಂಗೈಗೆ ಗುಟ್ಟಾಗಿ ಹೇಳುವದು. ಯಂತ್ರದ ಗಣಿತವು ಈ ಎಲ್ಲ ಲೆಕ್ಕವನ್ನು ಸೆಕೆಂದಿಗೆ ನೂರಾರು ಸಲ ಹಾಕಿ ಮೋಟರಿಗೆ ಒಪ್ಪಿಸುತ್ತಿರುವದು. ಕಠೋಪನಿಷತ್ತಿನಲ್ಲಿ ಶರೀರವನ್ನು ರಥಕ್ಕೂ ಮನಸ್ಸನ್ನು ಲಗಾಮಿಗೂ ಹೋಲಿಸಿದ ಋಷಿಯು ಕುದುರೆಯ ಬಾಯಿಂದ ಲಗಾಮಿನ ಗುಂಟ ಸಾರಥಿಗೆ ಬರುವ ಸುದ್ದಿಯನ್ನು ಬಲ್ಲವನೇ ಇರಬೇಕು.

ಕೈಗೆ ಸುದ್ದಿ ಬಂದರೂ ಮೈಗೆ ಬಾರದು. ಇಲ್ಲಿಯೇ ಯಂತ್ರದ ಬಡತನವಿರುವದು. ನಿಜವಾದ ಕಾರಿನಲ್ಲಿ ಬ್ರೇಕು ಒತ್ತಿದರೆ ಎದೆಯು ಮುಂದಕ್ಕೆ ಜೋಲಿ ಹೊಡೆಯುವದು, ತಿರುವಿನಲ್ಲಿ ತೊಡೆಯು ಬಾಗಿಲಿಗೆ ಒತ್ತುವದು. ಒಳಗಿವಿಯಲ್ಲಿ ಹೊರಳಾಟವನ್ನು ಅರಿಯಲು ಮೂರು ಅರ್ಧವರ್ತುಲ ನಾಳಗಳೂ ನೆಟ್ಟಗಿನ ಎಳೆತವನ್ನು ಅರಿಯಲು ಎರಡು ಚಿಕ್ಕ ಚೀಲಗಳೂ ಇದ್ದು, ಕಣ್ಣು ನೋಡುವದಕ್ಕೆ ಮೊದಲೇ ಮೈಯನ್ನು ಎಚ್ಚರಿಸುವವು. ಮೇಜಿನ ಮುಂದಿನ ಕುರ್ಚಿಯಲ್ಲಿ ಈ ಸಾಕ್ಷಿಗಳೆಲ್ಲ ಮೂಕರು. ಶ್ರೀಮಂತ ಸಂಸ್ಥೆಗಳು ಆರು ಕಾಲುಗಳ ಮೇಲೆ ನಿಂತ ವೇದಿಕೆಯನ್ನು ಉಪಯೋಗಿಸುವವು. ಸ್ಟೀವರ್ಟ್ ಎಂಬ ಇಂಜಿನಿಯರನು 1965ರಲ್ಲಿ ವರ್ಣಿಸಿದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಅದು ಆಸನವನ್ನು ಮೆಲ್ಲಗೆ ಹಿಂದಕ್ಕೆ ವಾಲಿಸಿ, ಭೂಮಿಯ ಗುರುತ್ವಕ್ಕೇ ವೇಗವೃದ್ಧಿಯ ವೇಷ ತೊಡಿಸುವದು. ಕಿವಿಯು ಹಗ್ಗವನ್ನು ಹಾವೆಂದು ನಂಬುವದು. ಆದರೆ ಅವಸರದಿಂದ ವಾಲಿಸಿದರೆ ಮೋಸವು ಬಯಲಾಗುವದು.

ಬಡವರ ಯಂತ್ರಕ್ಕೆ ಈ ಮಾಯೆಯೂ ಇಲ್ಲ. ಆದ್ದರಿಂದ ಮೈಗೆ ಸಲ್ಲಬೇಕಾದ ಸುದ್ದಿಯನ್ನೂ ಅದು ಕೈಯ ಮೂಲಕವೇ, ಅಷ್ಟಿಷ್ಟು ಉಬ್ಬಿಸಿ ಹೇಳುವದು. ಇತ್ತ ಈ ಕಾಲದ ಮನೆಮಂದಿಯ ಕಾರುಗಳಲ್ಲಿ ವಿದ್ಯುತ್ ಸಹಾಯದ ಸ್ಟೇರಿಂಗು ಬಂದು ರಸ್ತೆಯ ಮಾತನ್ನು ಸೋಸಿ ಸೋಸಿ ಬಿಡುವದು. ಆಟದ ಚಕ್ರ ಕೂಗಿ ಹೇಳುವದನ್ನು ನಿಜವಾದ ಚಕ್ರವು ಪಿಸುಗುಟ್ಟುವದು.

ಇದರ ಪರೀಕ್ಷೆಯು ಒಂದು ಮನೆತನದಲ್ಲಿ ನಡೆದ ಬಗೆಯನ್ನು ಹೇಳಬೇಕು. ಕಲಬುರಗಿಯಲ್ಲಿ ಓದುತ್ತಿರುವ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ತಾಯಿಯ ತವರು ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಅಲ್ಲಿರುವ ವೃದ್ಧೆಯಾದ ಆಯಿಗೆ ಮೂತ್ರಪಿಂಡಗಳು ಸೋತು, ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗಾಗಿ ಕಲಬುರಗಿಗೆ ಬರಬೇಕು. ಕರೆದು ತರುತ್ತಿದ್ದವರು ಸೋದರಮಾವ, ಮೂವತ್ತು ವರ್ಷ ಬಸ್ಸು ನಡೆಸಿ ನಿವೃತ್ತರಾದವರು. ಈಚೆಗೆ ಮಧುಮೇಹದಿಂದ ಅವರ ದೃಷ್ಟಿ ಮಂದವಾಗಿ, ವೈದ್ಯರು ವಾಹನ ನಡೆಸಕೂಡದೆಂದು ಕಟ್ಟುಮಾಡಿದರು. ಲೈಸೆನ್ಸು ಇದ್ದವನು ಅಳಿಯನೊಬ್ಬನೇ. ಅವನ ಅಭ್ಯಾಸದ ಬಹುಭಾಗವು ಮೇಜಿನ ಮುಂದಿನದು. 2022ರ ಜೂನ್ 3ರಂದು ಗೋವೆಯಿಂದ ಹೈದರಾಬಾದಿಗೆ ಹೊರಟ ಬಸ್ಸೊಂದು ಕಮಲಾಪುರದ ಬಳಿ ಅಪಘಾತಕ್ಕೀಡಾಗಿ ಬೆಂಕಿ ಹತ್ತಿ ಹಲವರು ಸುಟ್ಟು ಸತ್ತದ್ದನ್ನು ಆ ಊರು ಮರೆತಿಲ್ಲ. ಆಯಿಯನ್ನು ಒಪ್ಪಿಸುವ ಮೊದಲು ಮಾವನವರು ಹುಡುಗನನ್ನು ಒರೆಗೆ ಹಚ್ಚಬೇಕೆಂದರು.

ಆಷಾಢದ ಒಂದು ಆದಿತ್ಯವಾರ ಮಳೆ ಬಂದು ಬಿಟ್ಟಿತ್ತು. ಹುಡುಗನು ಗಾಡಿಯನ್ನು ಅಚ್ಚುಕಟ್ಟಾಗಿ ನಡೆಸಿದನು. ಗೇರು ಬದಲಿಸುವದು, ಕನ್ನಡಿ ನೋಡುವದು, ಯಾವುದರಲ್ಲಿಯೂ ಕುಂದಿರಲಿಲ್ಲ. ಊರು ದಾಟಿ ಒಂದು ಇಳಕಲಿನ ತಿರುವಿನಲ್ಲಿ, ಎರೆಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಗಳು ಉದುರಿಸಿ ಹೋದ ಕೆಸರು ರಸ್ತೆಗೆ ಬಳಿದಂತಾಗಿತ್ತು. ಮುಂದಿನ ಗಾಲಿಗಳು ಹಿಡಿತ ಬಿಟ್ಟು ಕಾರು ತಿರುಗದೆ ನೆಟ್ಟಗೆ ಜಾರಿತು. ಹೊಸಬನಾಗಿದ್ದರೆ ಚಕ್ರವನ್ನು ಇನ್ನಷ್ಟು ತಿರುವಿ ಬ್ರೇಕನ್ನು ತುಳಿದು ಕೆಲಸ ಕೆಡಿಸುತ್ತಿದ್ದನು. ಇವನು ಚಕ್ರವನ್ನು ತುಸು ಸಡಿಲಿಸಿ, ಕಾಲು ಮೆಲ್ಲಗೆ ಎತ್ತಿ, ಗಾಲಿಗಳು ಮರಳಿ ನೆಲ ಹಿಡಿಯುವ ತನಕ ತಾಳಿದನು.

"ಕೈಗಿ ಏನೂ ತಿಳೀಲೇ ಇಲ್ಲ ಮಾಮಾ, ಒಮ್ಮಿಗೇ ಜಾರಿತು," ಎಂದನು, ಬೆವರೊರೆಸಿಕೊಳ್ಳುತ್ತ.

"ಕೈಗಿ ತಿಳಿಯೋದು ಕಡೀಕ್ಕ ತಮ್ಮಾ. ನನ್ನ ಮಬ್ಬ ಕಣ್ಣಿಗೇ ಆ ರಾಡಿ ಕಂಡಿತ್ತು, ನಿನಗ ಕಾಣಲಿಲ್ಲೇನು? ಕಣ್ಣು ತಪ್ಪಿದರ ಆಮ್ಯಾಲ…" ಎಂದು ಮಾವನವರು ಮುಂದೆ ಹೇಳಿದ ಅಂಗದ ಹೆಸರನ್ನು ಈ ಪತ್ರಿಕೆಯಲ್ಲಿ ಅಚ್ಚುಮಾಡುವಂತಿಲ್ಲ, ಕುಳಿತುಕೊಳ್ಳಲು ಉಪಯೋಗಿಸುವ ಅಂಗವೆಂದರೆ ಸಾಕು. ತುಸು ತಡೆದು, "ಆದರ ಕಾಲು ಎತ್ತಿದ್ದು ಚಲೋ ಮಾಡಿದಿ. ಅದನ್ನ ಯಾರು ಕಲಿಸಿದರು?" ಎಂದು ಕೇಳಿದರು. ಕಲಿಸಿದ್ದು ಮೇಜಿನ ಮೇಲಿನ ಯಂತ್ರವೇ.

ನ್ಯಾಯಶಾಸ್ತ್ರದವರು ಉಪಮಾನವೆಂಬ ಪ್ರಮಾಣಕ್ಕೆ ಕೊಡುವ ಉದಾಹರಣೆ ಪ್ರಸಿದ್ಧವಾದದ್ದು. ಗವಯವೆಂಬ ಪ್ರಾಣಿಯು ಹಸುವಿನಂತಿರುವದೆಂದು ಕೇಳಿ ತಿಳಿದವನು ಅಡವಿಯಲ್ಲಿ ಅದನ್ನು ಕಂಡು ಗುರುತಿಸುವನು. ಹುಡುಗನಿಗೆ ಆದದ್ದು ಇದೇ. ಜಾರಿದ ಮೇಲೆ ಗುರುತಿಸಿದನು; ಅಡವಿಯ ಹೆಜ್ಜೆಗಳನ್ನು ನೋಡಿ ಅದು ಬರುವದನ್ನು ಮೊದಲೇ ತಿಳಿಯಲಾರದೆ ಹೋದನು. ಪಂದ್ಯದ ಮಾರ್ಗಗಳಲ್ಲಿ ಟ್ರ್ಯಾಕ್ಟರುಗಳು ಎಲ್ಲಿವೆ?

ಮಹಾಭಾರತದ ನಳೋಪಾಖ್ಯಾನದಲ್ಲಿ ಈ ವಿಷಯಕ್ಕೆ ಒಪ್ಪುವ ಪ್ರಸಂಗವೊಂದುಂಟು. ಬಾಹುಕನ ವೇಷದ ನಳನು ಋತುಪರ್ಣರಾಜನನ್ನು ವಿದರ್ಭಕ್ಕೆ ಕರೆದೊಯ್ಯುವಾಗ ರಾಜನ ಉತ್ತರೀಯವು ಬಿದ್ದಿತು. ನಿಲ್ಲಿಸೆಂದು ಅವನು ಹೇಳುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದಿತ್ತು. ವೇಗವು ತಿಳಿಯದ ಆ ರಾಜನೇ ದಾರಿಯಲ್ಲಿ ತಾರೆಮರವೊಂದರ ಎಲೆ, ಕಾಯಿಗಳ ಸಂಖ್ಯೆಯನ್ನು ಕಂಡ ಕೂಡಲೆ ಹೇಳಿದನು; ನಳನು ರಥ ನಿಲ್ಲಿಸಿ ಎಣಿಸಿ ನೋಡಿದ ಹೊರತು ನಂಬಲಿಲ್ಲ. ಒಬ್ಬನಲ್ಲಿ ಅಕ್ಷಹೃದಯವೆಂಬ ಗಣನೆಯ ವಿದ್ಯೆ, ಇನ್ನೊಬ್ಬನಲ್ಲಿ ಅಶ್ವಹೃದಯ. ಅವರು ವಿದ್ಯೆಗಳನ್ನು ಕೊಟ್ಟು ಕೊಂಡರಲ್ಲದೆ ಯಾವುದು ಮೇಲೆಂದು ಜಗಳಾಡಲಿಲ್ಲ.

ಗಣನೆಯ ವಿದ್ಯೆಯೊಂದರಿಂದಲೇ ಮೇಲೇರಿದವರೂ ಇದ್ದಾರೆ. ಬ್ರಿಟನ್ನಿನ ಯಾನ್ ಮಾರ್ಡೆನ್‌ಬರೊ ಎಂಬ ತರುಣನು 2011ರಲ್ಲಿ ಆಟದ ಸ್ಪರ್ಧೆಯಿಂದ ಆಯ್ಕೆಯಾಗಿ, 2013ರಲ್ಲಿ ಫ್ರಾನ್ಸಿನ ಲೆ ಮಾನ್ 24 ತಾಸುಗಳ ಪಂದ್ಯದಲ್ಲಿ ತನ್ನ ವರ್ಗದೊಳಗೆ ಮೂರನೆಯ ಸ್ಥಾನ ಪಡೆದ ತಂಡದಲ್ಲಿದ್ದನು. 2015ರಲ್ಲಿ ಅದೇ ನೂರ್‌ಬರ್ಗ್‌ರಿಂಗಿನಲ್ಲಿ ಅವನ ಕಾರು ಗಾಳಿಗೆದ್ದು ಬೇಲಿಯಾಚೆಗೆ ಬಿದ್ದು ಪ್ರೇಕ್ಷಕನೊಬ್ಬನು ಸತ್ತನು. ಆಟದಲ್ಲಿ ಹಾಗೆ ಹಾರಿದ ಕಾರು ಒಂದು ಗುಂಡಿ ಒತ್ತಿದರೆ ಮರಳಿ ದಾರಿಯ ಮೇಲೆ ನಿಲ್ಲುವದು.

ನಮ್ಮ ಸರಕಾರವೂ ಯಂತ್ರವನ್ನು ಅಲ್ಲಗಳೆದಿಲ್ಲ. 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ, ಮಾನ್ಯತೆ ಪಡೆಯುವ ಚಾಲನ ಶಿಕ್ಷಣಕೇಂದ್ರಗಳಿಗೆ ಸಿಮ್ಯುಲೇಟರೂ ಪರೀಕ್ಷಾಮಾರ್ಗವೂ ಎರಡೂ ಇರಬೇಕೆಂದಿದೆ. ಹಗುರ ವಾಹನಕ್ಕೆ 29 ತಾಸುಗಳ ಶಿಕ್ಷಣ. ಎರಡನ್ನೂ ಬೇಡಿದ್ದು ವಿವೇಕವೇ ಸರಿ.

ಮಾವನವರು ಒಂದು ದಿನ ತಾವೇ ಆ ಯಂತ್ರದ ಮುಂದೆ ಕುಳಿತು ನೋಡಿದರು. ಐದು ನಿಮಿಷದೊಳಗೆ ತಲೆ ತಿರುಗಿ ನಿಂಬೆಹಣ್ಣು ಬೇಡಿದರು. ಕಣ್ಣು ಓಡುತ್ತಿದೆಯೆಂದರೆ ಕಿವಿ ಇಲ್ಲವೆನ್ನುವದು; ಅನುಭವ ಹೆಚ್ಚಿದ್ದವರಿಗೇ ಈ ಜಗಳದ ಬಾಧೆ ಹೆಚ್ಚೆಂಬದು ವಿಮಾನಚಾಲಕರಲ್ಲಿ ಬಹುಕಾಲದಿಂದ ತಿಳಿದ ಸಂಗತಿ. ಆದರೂ ಯಂತ್ರವನ್ನು ತೆಗೆದಿಡಿರೆಂದು ಅವರು ಹೇಳಲಿಲ್ಲ. ಜಾರುವದನ್ನು ನೂರು ಸಲ ಅಲ್ಲಿಯೇ ಜಾರಿ ಕಲಿಯಲಿ, ಗಾಡಿಯಂತೂ ಕೆಡುವದಿಲ್ಲ ಎಂದರು.

ಈಗ ಹುಡುಗನು ಡಯಾಲಿಸಿಸ್‌ನ ಹಿಂದಿನ ಸಂಜೆಯೇ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ, ಬೆಳಿಗ್ಗೆ ಗಾಡಿ ತೆಗೆಯುತ್ತಾನೆ. ಪಕ್ಕದಲ್ಲಿ ಮಾವನವರು, ಹಿಂದಿನ ಸೀಟಿನಲ್ಲಿ ಆಯಿ. ಮಹಾಗಾಂವ ಕ್ರಾಸು ಬರುವದರೊಳಗೆ ಆಯಿಗೆ ನಿದ್ದೆ ಹತ್ತಿದರೆ ಅಂದು ಗಾಡಿ ಚಲೋ ನಡೆದಿತ್ತೆಂದು ಮಾವನವರ ಲೆಕ್ಕ. ಮೊದಲ ವಾರದಲ್ಲಿ ಅವರು ಎಚ್ಚರವಾಗಿಯೇ ಇದ್ದು ಬಾಗಿಲ ಹಿಡಿಕೆಯನ್ನು ಬಿಟ್ಟಿರಲಿಲ್ಲ. ಹೋದ ಶುಕ್ರವಾರ ಹುಮನಾಬಾದ ರಿಂಗ್ ರೋಡಿಗೆ ಬಂದು ಎಬ್ಬಿಸಬೇಕಾಯಿತು.