ಕೆಸುವಿನೆಲೆಯ ಹೆಸರಿನ ಔತಣ

ಹವಾಯಿ ದ್ವೀಪಗಳಿಗೆ ಹೋಗುವ ಪ್ರವಾಸಿಗರ ಕಿವಿಗೆ ತಪ್ಪದೆ ಬೀಳುವ ಒಂದು ಮಾತು ‘ಲುವಾವು’. ಸಂಜೆಯ ಹೊತ್ತು ಬಯಲಿನಲ್ಲಿ ಊಟ, ಹಾಡು, ಹುಲಾ ನೃತ್ಯ ಇವೆಲ್ಲ ಕೂಡಿದ ಔತಣಕ್ಕೆ ಈ ಹೆಸರು. ಪದದ ಮೂಲಾರ್ಥ ಕೇಳಿದರೆ ನಮ್ಮ ಮಲೆನಾಡಿನವರಿಗೆ ಸಂತೋಷವಾದೀತು. ಲುವಾವು ಎಂದರೆ ಕೆಸುವಿನ ಎಳೆಯ ಎಲೆ! ನಾವು ಪತ್ರೊಡೆಗೆ ಬಳಸುವ ಅದೇ ಕೆಸು. ಅಲ್ಲಿಯವರು ಎಲೆಯನ್ನು ತೆಂಗಿನಹಾಲಿನಲ್ಲಿ ಬೇಯಿಸುತ್ತಾರೆ. ಗೆಡ್ಡೆಯನ್ನು ಬೇಯಿಸಿ, ಕುಟ್ಟಿ, ನೀರು ಬೆರೆಸಿ ‘ಪೋಯಿ’ ಎಂಬ ಅಂಟಂಟಾದ ಅಂಬಲಿಯನ್ನು ಮಾಡುತ್ತಾರೆ.

ಈ ಔತಣದ ಹಿಂದೆ ಒಂದು ಇತಿಹಾಸವಿದೆ. ಹಿಂದೆ ಆ ದ್ವೀಪಗಳಲ್ಲಿ ‘ಕಪು’ ಎಂಬ ಕಟ್ಟಳೆಯಿತ್ತು. ಗಂಡಸರೂ ಹೆಂಗಸರೂ ಒಟ್ಟಿಗೆ ಕುಳಿತು ಉಣ್ಣುವಂತಿರಲಿಲ್ಲ. ಹಂದಿಮಾಂಸ, ತೆಂಗಿನಕಾಯಿ, ಬಾಳೆಹಣ್ಣಿನ ಬಹುತೇಕ ಜಾತಿಗಳು ಹೆಂಗಸರಿಗೆ ನಿಷಿದ್ಧ. ಮುರಿದವರಿಗೆ ಮರಣದಂಡನೆಯೂ ಆಗಬಹುದಿತ್ತು. 1819ರಲ್ಲಿ ಮೊದಲನೆಯ ಕಮೆಹಮೆಹ ದೊರೆ ತೀರಿಕೊಂಡನು. ಆತನ ವಿಧವೆ ರಾಣಿ ಕಾಹುಮನು ಹೊಸ ದೊರೆ ಲಿಹೋಲಿಹೋನನ್ನು ಬಿಡದೆ ಒತ್ತಾಯಿಸಿದಳು. ಕಡೆಗೆ ಅದೇ ವರ್ಷದಲ್ಲಿ ಆತನು ಎಲ್ಲರೂ ನೋಡುತ್ತಿರುವಂತೆ ಹೆಂಗಸರ ಪಂಕ್ತಿಗೆ ಹೋಗಿ ಕುಳಿತು ಉಂಡನು. ಆ ಒಂದು ಊಟದಿಂದ ಕಟ್ಟಳೆ ಮುರಿದುಬಿತ್ತು. ಇಂದಿನ ಲುವಾವಿನ ಹುಟ್ಟನ್ನು ಅಲ್ಲಿಂದ ಎಣಿಸುವುದು ವಾಡಿಕೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ತಾಯಿ. ನಮ್ಮ ಮನೆಯಲ್ಲಿ ಹಬ್ಬದ ದಿನ ಗಂಡಸರ ಪಂಕ್ತಿ ಎದ್ದು, ಎಲೆ ತೆಗೆದು, ನೆಲಕ್ಕೆ ಗೋಮಯ ಹಚ್ಚಿದ ಮೇಲೆ ಹೆಂಗಸರಿಗೆ ಊಟ. ಬಡಿಸಿದವಳಿಗೆ ಎಲ್ಲರಿಗಿಂತ ಕೊನೆಗೆ. ಪತ್ರೊಡೆಯ ಸುರುಳಿ ಕಟ್ಟಿದವಳೂ ಆಕೆಯೇ, ತಪ್ಪಲೆಯ ತಳದ ಚೂರು ತಿಂದವಳೂ ಆಕೆಯೇ. ಆಕೆಗೆ ಇದು ಅನ್ಯಾಯವೆಂದು ತೋರಿದ್ದನ್ನು ನಾನು ಕಂಡಿಲ್ಲ. ನನಗೆ ತೋರಿದೆ. ಆದುದರಿಂದ, ಮಗನು ಓಆಹು ದ್ವೀಪಕ್ಕೆ ರಜೆಯ ಪ್ರವಾಸ ಏರ್ಪಡಿಸಿ “ಅಮ್ಮ, ಏನು ನೋಡಬೇಕು ಹೇಳು” ಎಂದಾಗ, ಜ್ವಾಲಾಮುಖಿಯನ್ನೂ ಕಡಲನ್ನೂ ಬಿಟ್ಟು ಲುವಾವು ಎಂದೆ.

ನಮ್ಮ ಯಜಮಾನರು ನಕ್ಕರು. “ಅಷ್ಟು ದುಡ್ಡು ಕೊಟ್ಟು ಹಂದಿಯನ್ನು ನೋಡಲಿಕ್ಕೆ ಹೋಗಬೇಕೆ?” ಮಾತಿನಲ್ಲಿ ಹುರುಳಿತ್ತು. ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲುಗಳ ಮೇಲೆ ಎಲೆ ಹಾಸಿ, ಇಡೀ ಹಂದಿಯನ್ನು ಹುಗಿದು ಬೇಯಿಸುವುದೇ ಅಲ್ಲಿಯ ಪ್ರಧಾನ ಭಕ್ಷ್ಯ. ನಾವು ಸಸ್ಯಾಹಾರಿಗಳು. ಟಿಕೆಟ್ಟಿನ ದರದಲ್ಲಿ ಸಸ್ಯಾಹಾರಿಗಳಿಗೆ ರಿಯಾಯಿತಿ ಇಲ್ಲ. ದುಡ್ಡಿನ ಲೆಕ್ಕ ನೋಡಿದಾಗ ನಾನೂ ಅಳುಕಿದೆ. ಮೂರು ವರ್ಷದ ಮೊಮ್ಮಗಳಿಗೆ ಟಿಕೆಟ್ ಬೇಕಿರಲಿಲ್ಲ. ಉಳಿದ ಐವರಿಗೆ ಮುಂದಿನ ಸಾಲಿನ ಆಸನ, ಬಸ್ಸು, ತೆರಿಗೆ ಎಲ್ಲ ಸೇರಿ ಕಡಲದಡದ ಒಂದು ಲುವಾವಿಗೆ ಸಾವಿರ ಡಾಲರಿನ ಹತ್ತಿರ ಬಂತು. ನನ್ನ ಸುಮಾರು ಎರಡು ತಿಂಗಳ ಪಿಂಚಣಿ.

ಸೊಸೆ ಜಾಣೆ, ಲೆಕ್ಕವನ್ನು ಬಿಡಿಬಿಡಿಯಾಗಿ ನೋಡಿದಳು. ಅನೇಕ ಕಡೆ ಮದ್ಯದ ಬೆಲೆಯೂ ಟಿಕೆಟ್ಟಿನಲ್ಲಿಯೇ ಸೇರಿರುತ್ತದೆ. ಕುಡಿಯದವರು ಕುಡಿಯುವವರ ಲೆಕ್ಕವನ್ನು ತೆರುವುದೇಕೆ? ಬಾಡಿಗೆ ಕಾರು ಇರುವವರಿಗೆ ಬಸ್ಸು ಬೇಡ. ಮುಂದಿನ ಸಾಲಿನಲ್ಲಿ ಕುಳಿತವರಿಗೆ ಕಾಣುವ ನೃತ್ಯ ಹಿಂದಿನ ಸಾಲಿಗೂ ಕಾಣುತ್ತದೆ. (ನಲವತ್ತು ವರ್ಷ ಹಿಂದಿನ ಬೆಂಚುಗಳ ಮೇಲೆ ಕಣ್ಣಿಟ್ಟವಳು ನಾನು, ದೃಷ್ಟಿ ಇನ್ನೂ ಚೆನ್ನಾಗಿದೆ.) ವೈಕೀಕಿಯ ಬೀದಿಯ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಟಿಕೆಟ್ ಕೊಡುತ್ತೇವೆಂದರು. ವಿಚಾರಿಸಿದರೆ, ಅದಕ್ಕಾಗಿ ಮಗ ಸೊಸೆ ಇಬ್ಬರೂ ಒಂದು ಬೆಳಗ್ಗೆ ಕುಳಿತು, ರಜೆಯ ಮನೆಗಳಲ್ಲಿ ಪಾಲು ಕೊಳ್ಳಿರೆಂಬ ಉಪನ್ಯಾಸವನ್ನು ಕೇಳಬೇಕಂತೆ. ಅಷ್ಟು ದೂರ ಹೋಗಿ ಮಾರಾಟದ ಉಪನ್ಯಾಸ ಕೇಳುವುದಕ್ಕಿಂತ ದುಬಾರಿ ಯಾವುದು?

ಕೇವಲ ಹುಲಾ ನೋಡಬೇಕೆನ್ನುವವರಿಗೆ ದುಡ್ಡೇ ಬೇಡ. 1937ರಿಂದ 2002ರವರೆಗೆ ವೈಕೀಕಿಯಲ್ಲಿ ಕೊಡ್ಯಾಕ್ ಕಂಪೆನಿಯ ಉಚಿತ ಹುಲಾ ಪ್ರದರ್ಶನವಿತ್ತು. 2024ರಲ್ಲಿ ‘ಕಿಲೋಹನ’ ಎಂಬ ಹೆಸರಿನಲ್ಲಿ ಮತ್ತೊಂದು ಉಚಿತ ಪ್ರದರ್ಶನ ಆರಂಭವಾಯಿತು. ಆದರೆ ನನಗೆ ಬೇಕಾದದ್ದು ಪಂಕ್ತಿ.

ಕಡೆಗೆ ಆರಿಸಿದ್ದು ಲಾಯಿಯೆ ಎಂಬ ಊರಿನ ಪಾಲಿನೇಷ್ಯನ್ ಸಾಂಸ್ಕೃತಿಕ ಕೇಂದ್ರವನ್ನು. 1963ರಲ್ಲಿ ಮಾರ್ಮನ್ ಕ್ರೈಸ್ತರು ಸ್ಥಾಪಿಸಿದ್ದು. ಅಲ್ಲಿ ಮದ್ಯವಿಲ್ಲ, ಭಾನುವಾರ ರಜೆ. ವೈಕೀಕಿಯಿಂದ ಕಾರಿನಲ್ಲಿ ಒಂದು ಗಂಟೆಗೂ ಮಿಕ್ಕ ದಾರಿ. ಮಧ್ಯಾಹ್ನವೆಲ್ಲ ದ್ವೀಪಗಳ ಹಳ್ಳಿಗಳನ್ನು ಸುತ್ತುವುದೂ ರಾತ್ರಿಯ ಪ್ರದರ್ಶನವೂ ಅದೇ ಟಿಕೆಟ್ಟಿನಲ್ಲಿ ಸೇರಿದ್ದವು. ಬೇರೆ ಲುವಾವುಗಳಲ್ಲಿ ಹವಾಯಿಯದೆಂದು ಜನ ತಿಳಿಯುವ ಬೆಂಕಿಯ ನೃತ್ಯ ವಾಸ್ತವವಾಗಿ ಸಮೋವಾದ್ದು. ಇಲ್ಲಿ ಸಮೋವಾ, ಟೊಂಗಾ, ಫಿಜಿ ಎಂದು ಪ್ರತಿಯೊಂದಕ್ಕೂ ಅದರದೇ ಹೆಸರು, ಅದರದೇ ಅಂಗಳ. ಕೆಲಸ ಮಾಡುವವರಲ್ಲಿ ಬಹಳ ಮಂದಿ ಪಕ್ಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ದುಡಿದು ಓದಿನ ಖರ್ಚು ಹೊಂದಿಸಿಕೊಳ್ಳುತ್ತಾರೆ. ಮಾಸ್ತರಿಣಿಯಾದ ನನಗೆ ಈ ಒಂದು ಸಂಗತಿಯೇ ಸಾಕಾಗಿತ್ತು. ವಾರಗಳ ಮೊದಲೇ ನೇರವಾಗಿ ಕಾಯ್ದಿರಿಸಿ, ಹಿಂದಿನ ಆಸನ ಹಿಡಿದು, ನಮ್ಮದೇ ಕಾರಿನಲ್ಲಿ ಹೋದೆವು. ಮೊದಲ ಅಂದಾಜಿಗಿಂತ ಸುಮಾರು ಮುನ್ನೂರು ಡಾಲರ್ ಉಳಿಯಿತು.

ನೃತ್ಯದ ವಿಚಾರದಲ್ಲಿ ಒಂದು ವಿಚಿತ್ರ. ಕಪುವನ್ನು ಮುರಿದ ಅದೇ ಕಾಹುಮನು ಮುಂದೆ ಕ್ರೈಸ್ತಳಾಗಿ, 1830ರಲ್ಲಿ ಬಹಿರಂಗ ಹುಲಾವನ್ನು ನಿಷೇಧಿಸಿದಳು! 1883ರಲ್ಲಿ ಕಲಾಕೌಅ ದೊರೆ ತನ್ನ ಪಟ್ಟಾಭಿಷೇಕದಲ್ಲಿ ಅದನ್ನು ಮತ್ತೆ ರಾಜಾಂಗಣಕ್ಕೆ ಕರೆತಂದನು. ಒಂದು ಬಾಗಿಲು ತೆರೆದ ಕೈ ಇನ್ನೊಂದನ್ನು ಮುಚ್ಚಿದ್ದನ್ನು ಯೋಚಿಸುತ್ತ ನಾನು ಊಟದ ಮೇಜಿಗೆ ಬಂದೆ.

ಉದ್ದನೆಯ ಮೇಜು. ಒಂದು ಕಡೆ ಯಜಮಾನರು, ಮಗ, ಮೊಮ್ಮಗ. ಎದುರಿಗೆ ನಾನು, ಸೊಸೆ, ಪುಟ್ಟಿ. ನಮಗೆ ಸಿಕ್ಕಿದ್ದು ಗೆಣಸು, ಅನ್ನ, ಕೆಸುವಿನಗೆಡ್ಡೆ ಬೆರೆಸಿದ ನೇರಳೆ ಬಣ್ಣದ ಬನ್ನು, ತೆಂಗಿನಹಾಲಿನ ಗಟ್ಟಿ ಸಿಹಿ ‘ಹೌಪಿಯ’, ಮತ್ತು ಪೋಯಿ. ಹೊಟ್ಟೆ ತುಂಬಿತೆಂದು ಹೇಳಲಾರೆ. ಯಜಮಾನರು ಎದ್ದುಹೋಗಿ ಪೋಯಿಯ ಬಟ್ಟಲನ್ನು ತಂದು ಮೊದಲು ನನ್ನ ಮುಂದಿಟ್ಟರು. ಇತಿಹಾಸ ನೆನೆದು ಇಟ್ಟರೋ, ತಮಗೆ ಬೇಡವಾಗಿ ಇಟ್ಟರೋ ಕೇಳಲಿಲ್ಲ. ಹುಳಿಗೆ ತಿರುಗುತ್ತಿದ್ದ ಸಪ್ಪೆ ಅಂಬಲಿ. ಅಮ್ಮನಿದ್ದಿದ್ದರೆ ಒಂದು ಹರಳು ಉಪ್ಪು, ಇಂಗಿನ ಒಗ್ಗರಣೆ ಕೇಳುತ್ತಿದ್ದಳು. ನಾನು ಬಟ್ಟಲು ಖಾಲಿಮಾಡಿದೆ.